ಕೆಟ್ಟ ಹೋಂ ಥಿಯೇಟರ್‌ನ ಸ್ಪೀಕರ್‌ಗಳಿಗೆ ಹೊಸ ಆಂಪ್ಲಿಫೈಯರ್: ಗೊತ್ತಿರುವವರು ಹೇಳಿ

ತುಮಕೂರು, ಶಿರಾ ಗೇಟ್‌ನಿಂದ ಪ್ರಶ್ನೆ

5.1 ಹೋಂ ಥಿಯೇಟರ್‌ನ ಡಿವಿಡಿ ಪೆಟ್ಟಿಗೆ ಪೂರ್ತಿ ಸತ್ತಿದೆ. ಬೋರ್ಡ್ ಸಿಗೋದಿಲ್ಲ ಅಂತ ರಿಪೇರಿಯವರು ಕೈ ಎತ್ತಿಬಿಟ್ಟರು. ಐದು ಚಿಕ್ಕ ಸ್ಪೀಕರ್, ಒಂದು ಸಬ್‌ವೂಫರ್ ನೋಡೋಕೆ ಚೆನ್ನಾಗೇ ಇವೆ. ಎಲ್ಲದರ ಹಿಂದೆ 3 ಓಮ್ ಅಂತ ಬರೆದಿದೆ. ಸಬ್‌ವೂಫರ್‌ಗೆ ಕರೆಂಟ್ ವೈರ್ ಇಲ್ಲ, ಅದಕ್ಕೂ ಸ್ಪೀಕರ್ ವೈರೇ. ತುದಿಯ ಬಣ್ಣದ ಪ್ಲಗ್ ಬೇರೆ ಯಾವುದಕ್ಕೂ ಕೂರಲ್ಲ. ರೂಮು 10×12 ಅಡಿ. ಟಿವಿ, ಮೊಬೈಲ್ ಹಾಡು, ಇಷ್ಟೇ ಬೇಕಿರೋದು. ಕಮ್ಮಿ ಖರ್ಚಲ್ಲಿ ಏನಾದರೂ ಆಗುತ್ತಾ, ಇಲ್ಲ ಗುಜರಿಗೆ ಹಾಕಲಾ?

ಚಿಂತಾಮಣಿಯಿಂದ

ಗುಜರಿಗೆ ಬೇಡ ಸರ್. ಆದರೆ ಆಂಪ್ಲಿಫೈಯರ್ ತರೋದು ಕೊನೆ ಕೆಲಸ. ಮೊದಲು ಸ್ಪೀಕರ್‌ಗಳನ್ನು ಒಂದೊಂದಾಗಿ ನೋಡಿಕೊಳ್ಳಿ.

ಪ್ಲಗ್‌ನಿಂದ ಒಂದು ಗೇಣು ಬಿಟ್ಟು ವೈರ್ ಕತ್ತರಿಸಿ, ತುದಿ ಸುಲಿಯಿರಿ. ಎರಡು ಎಳೆಯಲ್ಲಿ ಒಂದರ ಮೇಲೆ ಗೆರೆ ಇರುತ್ತೆ. ಗೆರೆಯದ್ದು ಪ್ಲಸ್ಸೋ ಮೈನಸ್ಸೋ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನು ನಂಬಬೇಡಿ. 1.5 ವೋಲ್ಟ್‌ನ ಪೆನ್ಸಿಲ್ ಸೆಲ್ ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಕೋನ್ (ಸ್ಪೀಕರ್‌ನ ಮುಂದೆ ಅಲುಗಾಡೋ ಭಾಗ) ಮುಂದಕ್ಕೆ ಬಂದರೆ ಸೆಲ್‌ನ ಪ್ಲಸ್ ಮುಟ್ಟಿದ ಎಳೆಯೇ ಪ್ಲಸ್, ಒಳಗೆ ಹೋದರೆ ಉಲ್ಟಾ. ಚಿಕ್ಕ ಸ್ಪೀಕರ್‌ಗೆ 9 ವೋಲ್ಟ್ ಬ್ಯಾಟರಿ ಹಾಕಬೇಡಿ, ಒಳಗಿನ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೆ, ಜಾಸ್ತಿಯಾಗುತ್ತೆ. ಪ್ಲಸ್ ಎಳೆಗೆ ಕೆಂಪು ಟೇಪ್ ಸುತ್ತಿಬಿಡಿ. ಒಂದೇ ಒಂದು ಸ್ಪೀಕರ್ ಉಲ್ಟಾ ಆದರೂ ಬೇಸ್ ಮಾಯವಾಗಿ, ಹಾಡುವವರ ಧ್ವನಿ ಮಧ್ಯದಲ್ಲಿ ನಿಲ್ಲದೆ ಎಲ್ಲಿಂದಲೋ ಬಂದಂತೆ ಕೇಳುತ್ತೆ. ಎಷ್ಟೋ ಜನ ಇದನ್ನೇ 'ಆಂಪ್ಲಿಫೈಯರ್ ಸರಿಯಿಲ್ಲ' ಅಂದುಕೊಳ್ತಾರೆ.

ಆಮೇಲೆ ಮಲ್ಟಿಮೀಟರ್ 200 ಓಮ್‌ಗೆ ತಿರುಗಿಸಿ. ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿದಾಗ ಬರುವ 0.3, 0.4ನ್ನು ಕಳೆದು ಲೆಕ್ಕ ಹಾಕಿ. 3 ಓಮ್ ಸ್ಪೀಕರ್ ಸುಮಾರು 2.5 ತೋರಿಸಬೇಕು, 4 ಓಮ್‌ನದು 3.2ರಿಂದ 3.6, 8 ಓಮ್‌ನದು 6ರಿಂದ 7. ಅರ್ಧ ಓಮ್‌ಗಿಂತ ಕಮ್ಮಿ ಬಂದರೆ ಕಾಯಿಲ್ ಶಾರ್ಟ್, ಅದನ್ನು ಯಾವ ಬೋರ್ಡಿಗೂ ಜೋಡಿಸಬೇಡಿ. ಏನೂ ತೋರಿಸದಿದ್ದರೆ ಕೂಡಲೇ ಎಸೆಯಬೇಡಿ. ಕೆಲವದರ ಒಳಗೆ ಸರಣಿಯಲ್ಲಿ, ಅಂದರೆ ವೈರ್ ದಾರಿಯಲ್ಲೇ, ಕೆಪಾಸಿಟರ್ ಇರುತ್ತೆ, ಮೀಟರ್ ಅದನ್ನು ದಾಟಿ ನೋಡಲ್ಲ. ಡಬ್ಬ ಬಿಚ್ಚಿ ಸ್ಪೀಕರ್‌ಗೆ ವೈರ್ ಬೆಸೆದಿರೋ ಟ್ಯಾಗ್ ಮೇಲೇ ಅಳೆಯಿರಿ. ಕೊನೆಗೆ ಕೋನನ್ನು ಎರಡು ಬೆರಳಿಂದ ಸಮವಾಗಿ ಮೆಲ್ಲಗೆ ಒತ್ತಿ ನೋಡಿ. ಕರಕರ ಅಂದರೆ ಕಾಯಿಲ್ ಉಜ್ಜುತ್ತಿದೆ, ಅದು ಹೋದಂತೆಯೇ.

ಕೆಜಿಎಫ್‌ನಿಂದ

ಮೇಲಿನವರು ಹೇಳಿದ್ದು ಸರಿ. ಈಗ 3 ಓಮ್ ವಿಷಯ. ಅಂಗಡಿಯ ಬಹುತೇಕ ಆಂಪ್ಲಿಫೈಯರ್‌ಗಳು 4ರಿಂದ 8 ಓಮ್‌ಗೆ ಮಾಡಿದವು, ಹೊಸ ಎವಿ ರಿಸೀವರ್‌ಗಳು (ಹೋಂ ಥಿಯೇಟರ್‌ನ ದೊಡ್ಡ ಆಂಪ್ಲಿಫೈಯರ್‌ಗಳು) ಸಾಮಾನ್ಯವಾಗಿ 6 ಓಮ್‌ನಿಂದ ಮೇಲಕ್ಕೆ. ಓಮ್ ಕಮ್ಮಿಯಾದಷ್ಟೂ ಆಂಪ್ಲಿಫೈಯರ್ ಜಾಸ್ತಿ ಆಂಪಿಯರ್ ಕೊಡಬೇಕು. ಕೊಡಲಾಗದೆ ಬಿಸಿಯಾಗುತ್ತೆ, ರಿಸೀವರ್ ಆದರೆ 'ಪ್ರೊಟೆಕ್ಟ್' ಅಂತ ತೋರಿಸಿ ಆಫ್ ಆಗುತ್ತೆ. ಹಾಗಾಗಿ ನಿಮ್ಮ ಸ್ಪೀಕರ್‌ಗಳಿಗೆ ರಿಸೀವರ್ ಯೋಚನೆ ಬಿಡಿ, ಬಜೆಟ್ ಕೂಡ ಒಪ್ಪಲ್ಲ.

ನಿಮಗೆ ಹೊಂದೋದು ಟಿಪಿಎ3116 ಅನ್ನೋ ಆಂಪ್ಲಿಫೈಯರ್ ಚಿಪ್ ಎರಡು ಇರುವ 2.1 (ಎಡ, ಬಲ, ಸಬ್‌ವೂಫರ್) ಬೋರ್ಡ್. ಒಂದು ಚಿಪ್ ಎಡ-ಬಲಕ್ಕೆ, ಇನ್ನೊಂದು ಪೂರ್ತಿ ಸಬ್‌ವೂಫರ್‌ಗೆ. ಬೇಸ್ ಬೇರ್ಪಡಿಸೋ ಭಾಗವೂ ಅದರಲ್ಲೇ ಇರುತ್ತೆ. ಎಡ-ಬಲದ ಕಡೆ ಈ ಚಿಪ್ ತಡೆಯೋದು ಕನಿಷ್ಠ 3.2 ಓಮ್, ನಿಮ್ಮ 3 ಓಮ್ ಅದಕ್ಕಿಂತ ಕೆಳಗೆ. ಆದ್ದರಿಂದ ಎಡಕ್ಕೆ ಎರಡು ಸ್ಪೀಕರ್ ಸರಣಿಯಲ್ಲಿ ಹಾಕಿ: ಬೋರ್ಡ್‌ನ ಪ್ಲಸ್‌ನಿಂದ ಮೊದಲ ಸ್ಪೀಕರ್‌ನ ಪ್ಲಸ್, ಅದರ ಮೈನಸ್‌ನಿಂದ ಎರಡನೆಯದರ ಪ್ಲಸ್, ಎರಡನೆಯದರ ಮೈನಸ್ ವಾಪಸ್ ಬೋರ್ಡಿಗೆ. 3+3=6 ಓಮ್. ಬಲಕ್ಕೂ ಹಾಗೇ. ಜೋಡಿಯ ಎರಡೂ ಒಂದೇ ತರಹದವು ಇರಬೇಕು. ನಡುವೆ ಇಡುತ್ತಿದ್ದ ಸೆಂಟರ್ ಸ್ಪೀಕರ್ ಉಳಿಯುತ್ತೆ, ಸ್ಪೇರ್ ಅಂತ ಎತ್ತಿಡಿ. ಸಬ್‌ವೂಫರ್ ಕಡೆ ಚಿಪ್‌ನ ಎರಡು ಭಾಗ ಒಟ್ಟಿಗೆ ಕೆಲಸ ಮಾಡೋದರಿಂದ 1.6 ಓಮ್‌ವರೆಗೂ ತಡೆಯುತ್ತೆ, 3 ಓಮ್ ನೇರವಾಗಿ ಕೊಡಬಹುದು.

ಇನ್ನೊಂದು, ಇದನ್ನು ದೊಡ್ಡಕ್ಷರದಲ್ಲಿ ಓದಿಕೊಳ್ಳಿ. ಈ ಬೋರ್ಡ್‌ಗಳಲ್ಲಿ ಸ್ಪೀಕರ್‌ನ ಮೈನಸ್ ಅನ್ನೋದು ಗ್ರೌಂಡ್ (ಸಪ್ಲೈನ ಮೈನಸ್) ಅಲ್ಲ. ಅಲ್ಲೂ ಸಿಗ್ನಲ್ ಓಡುತ್ತಿರುತ್ತೆ. ವೈರ್ ಉಳಿಸೋಕೆ ಎಡ-ಬಲದ ಮೈನಸ್‌ಗಳನ್ನು ಒಂದು ಮಾಡಿದರೆ, ಅಥವಾ ತಗಡಿನ ಡಬ್ಬಕ್ಕೆ ಮುಟ್ಟಿಸಿದರೆ ಚಿಪ್‌ಗೆ ಶಾರ್ಟ್. ಅದೃಷ್ಟ ಇದ್ದರೆ ಪ್ರೊಟೆಕ್ಷನ್ ಕಾಯುತ್ತೆ.

ತಿಪಟೂರಿನಿಂದ

ಎರಡೆರಡು ಸ್ಪೀಕರ್ ಯಾಕೆ? ಎಡಕ್ಕೊಂದು, ಬಲಕ್ಕೊಂದು ಇಟ್ಟು, ಪ್ರತಿಯೊಂದಕ್ಕೂ 2 ಓಮ್ 10 ವ್ಯಾಟ್‌ನ ಸಿಮೆಂಟ್ ರೆಸಿಸ್ಟರ್ ಸರಣಿಯಲ್ಲಿ ಹಾಕಿದರೆ 5 ಓಮ್ ಆಯಿತು. ವೈರ್ ಗೋಜೂ ಇಲ್ಲ.

ಕೆಜಿಎಫ್‌ನಿಂದ

ಆಗುತ್ತೆ, ಇಲ್ಲ ಅನ್ನಲ್ಲ. ಆದರೆ 5ರಲ್ಲಿ 2 ಓಮ್ ರೆಸಿಸ್ಟರ್ ಪಾಲು, ಅಂದರೆ ನೂರಕ್ಕೆ 40ರಷ್ಟು ಪವರ್ ಬರೀ ಬಿಸಿ. ಸ್ಪೀಕರ್‌ನ ಓಮ್ ಸ್ವರಕ್ಕೆ ತಕ್ಕಂತೆ ಏರಿಳಿಯೋದರಿಂದ ರೆಸಿಸ್ಟರ್ ಸೇರಿದಾಗ ನಾದವೂ ಸ್ವಲ್ಪ ಬದಲಾಗುತ್ತೆ. ಅವರ ಹತ್ತಿರ ನಾಲ್ಕು ಸ್ಪೀಕರ್ ಬಿಟ್ಟಿ ಬಿದ್ದಿರುವಾಗ ರೆಸಿಸ್ಟರ್ ಕಾಯಿಸೋದು ಯಾಕೆ? ಹಾಕಲೇಬೇಕಾದರೆ ರೆಸಿಸ್ಟರ್ ಪ್ಲಾಸ್ಟಿಕ್‌ಗೂ ವೈರಿಗೂ ತಾಗದಂತೆ ಎತ್ತರಿಸಿ ಕೂರಿಸಿ.

ತುಮಕೂರಿನಿಂದ

ಸಪ್ಲೈಗೆ ಏನು ಕೊಡಲಿ? ಹಳೇ ಲ್ಯಾಪ್‌ಟಾಪ್ ಅಡಾಪ್ಟರ್ ಎರಡಿವೆ, ಎರಡೂ 19 ವೋಲ್ಟ್. ಒಂದು 3.42 ಆಂಪಿಯರ್, ಇನ್ನೊಂದು 4.74. ಸ್ಪೀಕರ್ ಮೇಲೆ 100 ವ್ಯಾಟ್ ಅಂತಿದೆ, 24 ವೋಲ್ಟ್ ಬೇಕಾಗುತ್ತಾ?

ಗೌರಿಬಿದನೂರಿನಿಂದ

4.74 ಆಂಪಿಯರ್‌ನದು ಹಾಕಿ, ಅದು 90 ವ್ಯಾಟ್. 3.42ರದು 65 ವ್ಯಾಟ್ ಮಾತ್ರ. ಸೌಂಡ್ ಏರಿಸಿದಾಗ ಬೇಸ್ ಹೊಡೆತಕ್ಕೆ ಅಡಾಪ್ಟರ್ ಒಂದು ಕ್ಷಣ ಕಟ್ ಆಗಿ ಮತ್ತೆ ಬರುತ್ತೆ, ಹಾಡು ನಿಂತು ನಿಂತು ಕೇಳುತ್ತೆ. ಜೋಡಿಸುವ ಮುಂಚೆ ಪಿನ್ನಿನ ಒಳಗು ಪ್ಲಸ್, ಹೊರಗು ಮೈನಸ್ ಅಂತ ಮೀಟರ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ.

ಆ 100 ವ್ಯಾಟ್ ಸ್ಟಿಕ್ಕರ್ ಮರೆತುಬಿಡಿ. ಎರಡೂವರೆ ಮೂರು ಇಂಚಿನ ಸ್ಪೀಕರ್ ನಿಜವಾಗಿ ದಿನವಿಡೀ ತಾಳೋದು 15, 20 ವ್ಯಾಟ್ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಈ ತರಹದ ಬೋರ್ಡ್‌ಗೆ ಸರಳ ಲೆಕ್ಕ: ವೋಲ್ಟನ್ನು ವೋಲ್ಟಿಂದ ಗುಣಿಸಿ, ಓಮ್‌ನ ಎರಡರಷ್ಟರಿಂದ ಭಾಗಿಸಿ. 19×19=361, ಭಾಗಿಸು 12 (ಜೋಡಿಯ 6 ಓಮ್‌ನ ಎರಡರಷ್ಟು), ಅಂದರೆ 30 ವ್ಯಾಟ್. ಜೋಡಿಯ ಎರಡು ಸ್ಪೀಕರ್‌ಗೆ ಹಂಚಿದರೆ ತಲಾ 15. ಸಬ್‌ವೂಫರ್‌ಗೆ 60. ಇವು ಮೇಲ್ಮಿತಿ, ಸಿಗೋದು ಸ್ವಲ್ಪ ಕಮ್ಮಿಯೇ. ನಿಮ್ಮ ರೂಮಿಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವಷ್ಟು ಆಯಿತು. 24 ವೋಲ್ಟ್ ಬೇಡ. ಚಿಪ್‌ನ ಮಿತಿ 26, ಅಗ್ಗದ ಬೋರ್ಡ್‌ಗಳಲ್ಲಿ 25 ವೋಲ್ಟ್‌ನ ಕೆಪಾಸಿಟರ್ ಹಾಕಿರೋದೂ ಉಂಟು.

ಚಿಕ್ಕ ಸ್ಪೀಕರ್ ಸಾಯೋದು ಹೆಚ್ಚಾಗಿ ಬೇಸ್‌ನಿಂದ. ಹಳೇ ಪೆಟ್ಟಿಗೆ ಅವುಗಳಿಗೆ ಬೇಸ್ ಕೊಡುತ್ತಲೇ ಇರಲಿಲ್ಲ. ಬಹುತೇಕ 2.1 ಬೋರ್ಡ್‌ಗಳು ಎಡ-ಬಲಕ್ಕೆ ಪೂರ್ತಿ ಸೌಂಡ್ ಕಳಿಸ್ತವೆ. ಅದಕ್ಕೆ ಪ್ರತಿ ಜೋಡಿಯ ಪ್ಲಸ್ ದಾರಿಯಲ್ಲಿ ಕೆಪಾಸಿಟರ್ ಕೂರಿಸಿ. 330 ಮೈಕ್ರೋಫ್ಯಾರಡ್, 50 ವೋಲ್ಟ್‌ನ ಮಾಮೂಲಿ ಕೆಪಾಸಿಟರ್ ಎರಡು ತಗೊಂಡು ಮೈನಸ್ ಕಾಲುಗಳನ್ನು ಒಂದಕ್ಕೊಂದು ಬೆಸುಗೆ ಹಾಕಿ. ಒಂದು ಪ್ಲಸ್ ಕಾಲು ಬೋರ್ಡಿಗೆ, ಇನ್ನೊಂದು ಸ್ಪೀಕರ್‌ಗೆ. ಹೀಗೆ ಜೋಡಿಸಿದರೆ 165 ಆಗುತ್ತೆ, 6 ಓಮ್‌ಗೆ ಸುಮಾರು 160 ಹರ್ಟ್ಸ್‌ನಿಂದ ಕೆಳಗಿನದು ಇಳಿಯುತ್ತಾ ಹೋಗುತ್ತೆ. ಒಂದೇ ಕೆಪಾಸಿಟರ್ ಹಾಕಬೇಡಿ, ಸ್ಪೀಕರ್ ಸಿಗ್ನಲ್ ಎರಡೂ ಕಡೆ ಓಡಾಡೋದರಿಂದ ಅದು ಬಿಸಿಯಾಗಿ ಉಬ್ಬುತ್ತೆ.

ಹಿಂದಿನ ಸ್ಪೀಕರ್‌ಗಳಿಗೆ ಸೆಟ್ ಜೊತೆ ಬಂದ ಕೂದಲೆಳೆ ವೈರ್ ಉದ್ದ ಮಾಡಬೇಡಿ. 0.2 ಚದರ ಮಿ.ಮೀ. ವೈರ್ ಗೋಡೆ ಸುತ್ತಿ 8 ಮೀಟರ್ ಹೋದರೆ, ಹೋಗಿ ಬರೋದು 16 ಮೀಟರ್, ಸುಮಾರು 1.4 ಓಮ್. ಐದರಲ್ಲಿ ಒಂದು ಪಾಲು ಪವರ್ ಗೋಡೆಗೇ ಹೋಯಿತು. 0.75ರ ಮಾಮೂಲಿ ಫ್ಲೆಕ್ಸಿಬಲ್ ವೈರ್ ಸಾಕು, ನಿಮ್ಮ ಊರಿನ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತೆ. ಬೋರ್ಡ್ ಮಾತ್ರ ಸಿಗದಿದ್ದರೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್‌ನಲ್ಲಿ ನೋಡಿ. ಕೊಳ್ಳುವಾಗ ಚಿಪ್ ಮೇಲೆ ಹೀಟ್‌ಸಿಂಕ್ (ಬಿಸಿ ಹೀರೋ ಲೋಹದ ತುಂಡು) ಗಟ್ಟಿಯಾಗಿ ಕೂತಿದೆಯಾ ಅಂತ ಅಲುಗಾಡಿಸಿ ನೋಡಿ.

ಮಾಲೂರಿನಿಂದ

ಟಿವಿಗೆ ಜೋಡಿಸೋ ವಿಷಯ ಯಾರೂ ಹೇಳಲಿಲ್ಲ. ಟಿವಿಯಲ್ಲಿ ಹೆಡ್‌ಫೋನ್ ಜಾಕ್ ಇದ್ದರೆ ಅದರಿಂದಲೇ ತಗೊಳ್ಳಿ. ಆಪ್ಟಿಕಲ್ (ಬೆಳಕಿನಲ್ಲಿ ಡಿಜಿಟಲ್ ಸೌಂಡ್ ಕಳಿಸೋ ತೂತು) ಮಾತ್ರ ಇದ್ದರೆ, ಅದನ್ನು ಮಾಮೂಲಿ ಆಡಿಯೋ ಮಾಡೋ ಚಿಕ್ಕ ಡಿಎಸಿ ಡಬ್ಬ ಬೇಕು. ಆಗ ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೋ ಔಟ್‌ಪುಟ್ ಪಿಸಿಎಂ ಅಂತ ಮಾಡಿ. ಅಗ್ಗದ ಡಬ್ಬಗಳಿಗೆ ಡಾಲ್ಬಿ ಅರ್ಥವಾಗಲ್ಲ, ಸದ್ದೇ ಬರಲ್ಲ ಅಥವಾ ಬರೀ ಗರಗರ.

ಬ್ಲೂಟೂತ್ ಮಾಡ್ಯೂಲ್ ಬೇರೆಯಾಗಿ ತಂದು ಅದೇ ಅಡಾಪ್ಟರ್‌ನಿಂದ ಕರೆಂಟ್ ಕೊಟ್ಟರೆ ಕಿರ್‌ರ್ ಅನ್ನೋ ಸದ್ದು ಗ್ಯಾರಂಟಿ ಅಂದುಕೊಳ್ಳಿ. ಗ್ರೌಂಡ್ ಎರಡು ದಾರಿಯಲ್ಲಿ ಸೇರೋದರಿಂದ ಬರೋದು ಅದು. 19 ವೋಲ್ಟನ್ನು 5ಕ್ಕೆ ಇಳಿಸಿದ ಮೇಲೆ, ಮಾಡ್ಯೂಲ್‌ಗೆ ಮುಂಚೆ ಬಿ0505ಎಸ್ ಅನ್ನೋ 5 ವೋಲ್ಟ್‌ನ ಐಸೊಲೇಟೆಡ್ (ಎರಡು ಕಡೆಯ ಗ್ರೌಂಡ್ ಬೇರೆಯಾಗಿಡೋ) ಕನ್ವರ್ಟರ್ ಹಾಕಿ, ಇಲ್ಲ ಮಾಡ್ಯೂಲ್‌ಗೆ ಬೇರೆ ಮೊಬೈಲ್ ಚಾರ್ಜರ್ ಕೊಡಿ.

ತುಮಕೂರಿನಿಂದ

ಬೋರ್ಡನ್ನು ಹಳೇ ಡಿವಿಡಿ ಪೆಟ್ಟಿಗೆಯೊಳಗೇ ಕೂರಿಸಬಹುದಾ? ಸಬ್‌ವೂಫರ್ ಡಬ್ಬದೊಳಗೆ?

ಚಿಂತಾಮಣಿಯಿಂದ

ಡಿವಿಡಿ ಪೆಟ್ಟಿಗೆ ಒಳ್ಳೆ ಮನೆ. ಆದರೆ ಒಳಗಿನ ಪವರ್ ಸಪ್ಲೈ ಬೋರ್ಡ್‌ನ ದಪ್ಪ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಅದರ ಎರಡು ಕಾಲಿಗೆ 60 ವ್ಯಾಟ್‌ನ ಹಳೇ ಕಾಲದ ತಂತಿ ಬಲ್ಬ್ ಒಂದು ಕ್ಷಣ ಹಿಡಿದು, ಮೀಟರ್‌ನಲ್ಲಿ ಸೊನ್ನೆ ನೋಡಿ ಆಮೇಲೆ ಕೈ ಹಾಕಿ. ಸಬ್‌ವೂಫರ್ ಡಬ್ಬಕ್ಕೆ ತೂತು ಕೊರೆಯಬೇಡಿ. ಪೋರ್ಟ್ (ಗಾಳಿಗೆಂದೇ ಮಾಡಿದ ತೂತು) ಬಿಟ್ಟು ಬೇರೆ ಎಲ್ಲಿಂದ ಗಾಳಿ ಸೋರಿದರೂ ಬೇಸ್ ಬಂದಾಗಲೆಲ್ಲ ಬುಸ್ ಅನ್ನುತ್ತೆ.