ಇಂಡಿಯಮ್ ಬೇಗ ಕರಗಿದರೂ ಬೇಗ ಕುದಿಯುವುದಿಲ್ಲ, ಏಕೆ?

ಪ್ರಶ್ನೆ:
ಆವರ್ತ ಕೋಷ್ಟಕದ 13ನೇ ಗುಂಪಿನ ಧಾತುಗಳನ್ನು ಹೋಲಿಸಿ ನೋಡುವಾಗ ಇಂಡಿಯಮ್ ಬಗ್ಗೆ ಎರಡು ಸಂದೇಹಗಳು ಮೂಡಿದವು. ಪರಮಾಣು ಸಂಖ್ಯೆ 49 ಇರುವ ಈ ಲೋಹ 156.6 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಆದರೆ ಕುದಿಯಬೇಕಾದರೆ 2000 ಡಿಗ್ರಿಯನ್ನೂ ದಾಟಬೇಕು. ಪರಮಾಣುಗಳ ನಡುವಿನ ಬಂಧ ದುರ್ಬಲವಾಗಿರುವುದರಿಂದಲೇ ಅದು ಬೇಗ ಕರಗುತ್ತದೆ ಎನ್ನುವುದಾದರೆ, ಬೇಗ ಕುದಿಯಲೂ ಬೇಕಲ್ಲವೇ? ಇನ್ನೊಂದು ಸಂದೇಹ: ನಿಸರ್ಗದಲ್ಲಿರುವ ಇಂಡಿಯಮ್‌ನ ಬಹುಪಾಲು ವಿಕಿರಣಶೀಲವಂತೆ. ಹಾಗಿದ್ದೂ ಅದನ್ನು ಸಾಮಾನ್ಯ ಲೋಹದಂತೆ ಬಳಸುವುದು ಹೇಗೆ?

ಉತ್ತರ 1:
ಬಂಧದ ಬಲವನ್ನು ಕರಗುವ ಬಿಂದುವಿನಿಂದ ಅಳೆಯಲು ಹೊರಟರೆ ಇಂಥ ಗೊಂದಲ ಆಗಿಯೇ ಆಗುತ್ತದೆ. ಲೋಹ ಕರಗಿದಾಗ ಕೆಡುವುದು ಪರಮಾಣುಗಳ ಕ್ರಮಬದ್ಧ ಜೋಡಣೆಯೇ ಹೊರತು ಅವುಗಳ ಸಾಮೀಪ್ಯವಲ್ಲ. ಕುದಿಯುವಾಗಲಾದರೋ ಒಂದೊಂದು ಪರಮಾಣುವೂ ಉಳಿದವುಗಳ ಸೆಳೆತದಿಂದ ಪೂರ್ತಿ ಬಿಡಿಸಿಕೊಂಡು ಹೋಗಬೇಕಾಗುತ್ತದೆ. ಇಂಡಿಯಮ್‌ನ ಹರಳಿನಲ್ಲಿ ಪ್ರತಿ ಪರಮಾಣುವಿನ ಸುತ್ತ ಹನ್ನೆರಡು ನೆರೆಯವುಗಳಿದ್ದರೂ ನಾಲ್ಕು ಮಾತ್ರ 3.25 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ದೂರದಲ್ಲಿವೆ, ಉಳಿದ ಎಂಟು 3.38ರಷ್ಟು ದೂರ ಸರಿದಿವೆ. ಹೀಗೆ ತುಸು ಓರೆಯಾದ ಜೋಡಣೆಯನ್ನು ಬಿಟ್ಟು ದ್ರವವಾಗಲು ಹೆಚ್ಚು ಶಕ್ತಿ ಬೇಕಾಗುವುದಿಲ್ಲ. 29.8 ಡಿಗ್ರಿಗೇ ಕರಗುವ ಗ್ಯಾಲಿಯಂನ ಹರಳಿನಲ್ಲಿ ಈ ಅಸಮತೆ ಇನ್ನೂ ಹೆಚ್ಚು.

ಉತ್ತರ 2:
ಮೇಲಿನ ವಾದಕ್ಕೆ ಅದೇ ಗುಂಪಿನ ಥ್ಯಾಲಿಯಂ ಒಳ್ಳೆಯ ಸಾಕ್ಷಿ. ಅದು ಇಂಡಿಯಮ್‌ಗಿಂತ ಬಹಳ ಮೊದಲೇ, 1473 ಡಿಗ್ರಿಗೆ ಕುದಿಯುತ್ತದೆ. ಅಂದರೆ ಅದರ ಬಂಧವೇ ದುರ್ಬಲ. ಆದರೂ ಅಚ್ಚುಕಟ್ಟಾದ ಷಡ್ಭುಜೀಯ ಜೋಡಣೆಯಿರುವ ಆ ಲೋಹ ಕರಗುವುದು 304 ಡಿಗ್ರಿಗೆ.

ಇನ್ನು ವಿಕಿರಣದ ಮಾತು. ನೈಸರ್ಗಿಕ ಇಂಡಿಯಮ್‌ನಲ್ಲಿ ಶೇ. 95.7ರಷ್ಟಿರುವ ಇಂಡಿಯಮ್-115 ಐಸೋಟೋಪ್ ಬೀಟಾ ಕ್ಷಯದಿಂದ ತವರವಾಗಿ ಮಾರ್ಪಡುತ್ತದೆ ಎಂಬುದು ನಿಜ. ಆದರೆ ಅದರ ಅರ್ಧಾಯುಷ್ಯ (ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 440 ಲಕ್ಷ ಕೋಟಿ ವರ್ಷ, ಎಂದರೆ ವಿಶ್ವದ ವಯಸ್ಸಿನ ಸುಮಾರು 32 ಸಾವಿರ ಪಟ್ಟು. ಲೆಕ್ಕ ಹಾಕಿದರೆ ಒಂದು ಗ್ರಾಂ ಲೋಹದಲ್ಲಿ ನಾಲ್ಕು ಸೆಕೆಂಡಿಗೆ ಸರಿಸುಮಾರು ಒಂದು ಪರಮಾಣು ಮಾತ್ರ ಕ್ಷಯಿಸುತ್ತದೆ. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಇಂಡಿಯಮ್ ತವರ ಆಕ್ಸೈಡ್‌ನಂಥ ಸಂಯುಕ್ತಗಳ ಧೂಳಿನ ವಿಷಯದಲ್ಲಿ. ಅದನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಗಂಭೀರ ಹಾನಿಯಾಗಬಲ್ಲದು.

ಪ್ರಶ್ನಿಸಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಅತಿ ಶೀತಲ ಉಪಕರಣಗಳ ಜೋಡಣೆಗಳನ್ನು ಸೋರದಂತೆ ಭದ್ರಪಡಿಸಲು ಇದನ್ನೇ ಆರಿಸಿಕೊಳ್ಳುವುದೇಕೆ ಎಂಬುದನ್ನೂ ಯಾರಾದರೂ ತಿಳಿಸಬಹುದೇ?

ಉತ್ತರ 3:
ಅದರ ಮೃದುತ್ವವೇ ಕಾರಣ. ಉಗುರಿನಿಂದ ಒತ್ತಿದರೂ ಗುರುತು ಬೀಳುವ ಈ ಲೋಹ, ರಬ್ಬರ್ ಗಾಜಿನಂತೆ ಪೆಡಸಾಗುವ ದ್ರವ ಸಾರಜನಕದ ತಾಪದಲ್ಲೂ ಮೆತ್ತಗೇ ಉಳಿಯುತ್ತದೆ. ಜೋಡಿಸಬೇಕಾದ ಭಾಗಗಳ ಎರಡು ಚಾಚುಪಟ್ಟಿಗಳ (ಬೋಲ್ಟ್ ಹಾಕುವ ಅಗಲ ಅಂಚುಗಳ, ಫ್ಲ್ಯಾಂಜ್) ನಡುವೆ ತೆಳು ಇಂಡಿಯಮ್ ತಂತಿಯನ್ನು ಸುತ್ತಲೂ ಇಟ್ಟು, ತುದಿಗಳು ಒಂದರ ಮೇಲೊಂದು ಹಾಯುವಂತೆ ಮಾಡಿ ಬೋಲ್ಟ್‌ಗಳನ್ನು ಬಿಗಿದರೆ, ತಂತಿ ಚಪ್ಪಟೆಯಾಗಿ ಹರಡಿ ಮೇಲ್ಮೈಯ ಸಣ್ಣಪುಟ್ಟ ಗೀರುಗಳನ್ನೆಲ್ಲ ತುಂಬುತ್ತದೆ. ತುದಿಗಳು ಕಾಯಿಸದೆಯೇ ಬೆಸೆದುಕೊಳ್ಳುತ್ತವೆ.