ಕಿಸೆಗೊಂದು ಮಡಚುವ ಚಾಕು, ಎರಡು ಸಾವಿರದೊಳಗೆ: ಯಾವುದು ತಗೊಳ್ಳೋದು?

ಪ್ರಶ್ನೆ (ಅಡಿಕೆ ತೋಟ, ಸಿರ್ಸಿ ಕಡೆ):
ಅಣ್ಣ, ದಿನಾ ಕಿಸೆಯಲ್ಲಿ ಇಟ್ಟುಕೊಳ್ಳೋಕೆ ಒಂದು ಮಡಚುವ ಚಾಕು ಬೇಕು. ಕೆಲಸ ದೊಡ್ಡದೇನಲ್ಲ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋದು, ಗೋಣಿ ದಾರ, ಡ್ರಿಪ್ ಪೈಪು, ಪಾರ್ಸಲ್ ಟೇಪು, ಹಸಿವಾದಾಗ ಒಂದು ಪೇರಳೆ ಹಣ್ಣು. ಬಜೆಟ್ ಎರಡು ಸಾವಿರದೊಳಗೆ. ಆನ್‌ಲೈನ್‌ನಲ್ಲಿ ಮುನ್ನೂರಕ್ಕೂ ಸಿಗ್ತದೆ, ಕಪ್ಪು ಅಲಗು, ‘ಸರ್ಜಿಕಲ್ ಸ್ಟೀಲ್’ ಅಂತ ಬರೆದಿದ್ದಾರೆ. ಅದೇ ಸಾಕಾ? ಲಾಕ್ ಇರಲೇಬೇಕಾ?

ಉತ್ತರ (ಹತ್ಯಾರು ಮತ್ತು ಸಾಣೆ ಅಂಗಡಿ):
‘ಸರ್ಜಿಕಲ್ ಸ್ಟೀಲ್’ ಅಂತ ಉಕ್ಕಿನ ದರ್ಜೆ ಯಾವುದೂ ಇಲ್ಲ. ಉಕ್ಕಿನ ಹೆಸರು ಹೇಳಲು ಮನಸ್ಸಿಲ್ಲದವರು ಬರೆಯುವ ಮಾತು ಅದು. ಅಲೆಅಲೆಯಾಗಿ ಗೆರೆ ಇರುವ ‘ಡಮಾಸ್ಕಸ್’ ಕೂಡ ಈ ಬೆಲೆಯಲ್ಲಿ ಹೆಚ್ಚಾಗಿ ಲೇಸರ್‌ನಲ್ಲಿ ಬರೆದ ಚಿತ್ರ. ನಾಲ್ಕು ಸಲ ಮಸೆದರೆ ಅಂಚಿನ ಹತ್ತಿರ ಚಿತ್ರ ಅಳಿಸಿ ಹೋಗುತ್ತದೆ.

ಆದರೆ ಉಕ್ಕಿಗಿಂತ ಮೊದಲು ನೋಡಬೇಕಾದದ್ದು ಅಲಗಿನ ದಪ್ಪ. ನೀವು ಹೇಳಿದ ಕೆಲಸಕ್ಕೆ ಅಲಗು 7ರಿಂದ 8.5 ಸೆಂ.ಮೀ. ಉದ್ದ, ಬೆನ್ನಿನಲ್ಲಿ ಒಂದೂವರೆಯಿಂದ ಎರಡೂವರೆ ಮಿ.ಮೀ. ದಪ್ಪ ಇದ್ದರೆ ಸಾಕು. ಮುನ್ನೂರು ರೂಪಾಯಿಯ ಕಪ್ಪು ಚಾಕುಗಳು ಮೂರು, ಮೂರೂವರೆ ಮಿ.ಮೀ. ಇರುತ್ತವೆ. ಕೈಯಲ್ಲಿ ಹಿಡಿದರೆ ಗಟ್ಟಿ ಅನ್ನಿಸುತ್ತದೆ, ಪೇರಳೆಗೆ ಹಾಕಿ ನೋಡಿ: ಅರ್ಧದವರೆಗೆ ಹೋಗಿ ಆಮೇಲೆ ಹಣ್ಣು ‘ಟಪ್’ ಅಂತ ಸೀಳುತ್ತದೆ. ಅದು ಕೊಯ್ದದ್ದಲ್ಲ, ಬೆಣೆ ಹೊಡೆದ ಹಾಗೆ ಸೀಳಿದ್ದು. ದಪ್ಪ ರಟ್ಟಿನಲ್ಲೂ ಹೀಗೇ ಸಿಕ್ಕಿಕೊಳ್ಳುತ್ತದೆ, ಆಗ ಜನ ಜೋರು ಹಾಕುತ್ತಾರೆ, ಕೈ ಜಾರುತ್ತದೆ. ಎಷ್ಟೇ ಹರಿತ ಮಾಡಿದರೂ ದಪ್ಪ ಅಲಗಿನ ಈ ಗುಣ ಹೋಗುವುದಿಲ್ಲ.

ನಿಮ್ಮ ಬಜೆಟ್ಟಿನ ಆಸುಪಾಸು ನಾನು ಹೇಳುವುದು ಎರಡೇ ಹೆಸರು. ಬೆಲೆ ಒಂದೊಂದು ಅಂಗಡಿಯಲ್ಲಿ ಒಂದೊಂದು, ವಿಚಾರಿಸಿಯೇ ತಗೊಳ್ಳಿ.

ಮೊದಲನೆಯದು ಫ್ರಾನ್ಸಿನ ಒಪಿನೆಲ್ ನಂಬರ್ 8. ಅಲಗು 8.5 ಸೆಂ.ಮೀ., ತೆಳ್ಳಗೆ, ಬೀಚ್ ಮರದ ಹಿಡಿ. 1890ರಿಂದ ಇರುವ ವಿನ್ಯಾಸ. ಕೀಲಿನ ಹತ್ತಿರದ ಉಕ್ಕಿನ ಉಂಗುರ 1955ರಲ್ಲಿ ಸೇರಿತು, ಅದನ್ನು ತಿರುಗಿಸಿದರೆ ಅಲಗು ಲಾಕ್. ಇದರಲ್ಲಿ ಎರಡು ಬಗೆ: ಅಲಗಿನ ಮೇಲೆ ‘ಇನಾಕ್ಸ್’ ಅಂತಿದ್ದರೆ ಸ್ಟೇನ್‌ಲೆಸ್, ‘ಕಾರ್ಬೋನ್’ ಅಂತಿದ್ದರೆ ತುಕ್ಕು ಹಿಡಿಯುವ ಕಾರ್ಬನ್ ಉಕ್ಕು. ಮಲೆನಾಡಿಗೆ ಕಣ್ಣು ಮುಚ್ಚಿಕೊಂಡು ಇನಾಕ್ಸ್.

ಎರಡನೆಯದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಸ್ಪಾರ್ಟನ್. ಮಡಚಿದಾಗ 91 ಮಿ.ಮೀ. ದೊಡ್ಡ ಅಲಗು, ಸಣ್ಣ ಅಲಗು, ಡಬ್ಬಿ ತೆಗೆಯುವುದು, ತೂತು ಕೊರೆಯುವ ದಬ್ಬಳ, ಚಿಮಟ ಎಲ್ಲ ಇದೆ. ಇದಕ್ಕೆ ಲಾಕ್ ಇಲ್ಲ, ಸ್ಪ್ರಿಂಗಿನ ಬಿಗಿಯಲ್ಲೇ ಅಲಗು ನಿಲ್ಲುತ್ತದೆ. ಗಡಸುತನ 56 ರಾಕ್‌ವೆಲ್, ಅಂದರೆ ಮೆದು ಬದಿಗೇ ಇದೆ. ಅದು ದೋಷ ಅಲ್ಲ: ಬೇಗ ಮೊಂಡಾದರೂ ಮಾಮೂಲಿ ಕಲ್ಲಿನಲ್ಲಿ ಐದು ನಿಮಿಷಕ್ಕೆ ಮತ್ತೆ ಹರಿತ. ತುಕ್ಕಿನ ತಲೆಬಿಸಿಯೂ ಕಡಿಮೆ.

ತೂಕ ಎರಡರದ್ದೂ ಹೆಚ್ಚೆಂದರೆ 60 ಗ್ರಾಂ ಸುಮಾರು. ಪಂಚೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರಿಗೂ ತೊಂದರೆ ಇಲ್ಲ.

ಲಾಕ್ ವಿಷಯ. ಕತ್ತರಿಸುವಾಗ ಒತ್ತಡ ಅಂಚಿನ ಮೇಲೆ ಬೀಳುತ್ತದೆ, ಅಲಗು ತೆರೆಯುವ ದಿಕ್ಕಿಗೇ ಹೋಗುತ್ತದೆ, ಲಾಕ್ ಇಲ್ಲದಿದ್ದರೂ ನಡೆಯುತ್ತದೆ. ಮೊನೆ ಚುಚ್ಚಿ ಒಳಗೆ ತಿರುಗಿಸುವ ಕೆಲಸದಲ್ಲಿ, ಅಲಗು ಚೀಲದೊಳಗೆ ಸಿಕ್ಕಿ ಹಿಂದಕ್ಕೆ ಎಳೆಯುವಾಗ ಬೆನ್ನಿಗೆ ಒತ್ತಡ ಬರುತ್ತದೆ. ಬೆರಳ ಮೇಲೆ ಮಡಚಿಕೊಳ್ಳುವುದು ಆವಾಗಲೇ. ನಿಮ್ಮದು ಚೀಲದ ಕೆಲಸ ಹೆಚ್ಚಾದರೆ ಲಾಕ್ ಇರುವುದೇ ಒಳ್ಳೆಯದು, ಹಾಗಾಗಿ ನಿಮಗೆ ಒಪಿನೆಲ್.

ಪ್ರಶ್ನೆ (ಕುಂದಾಪುರ):
ಡಿ2 ಉಕ್ಕಿನ ಚೀನಾ ಚಾಕುಗಳು ಅದೇ ಬೆಲೆಗೆ ಬರ್ತಾವಲ್ಲ, ತುಂಬಾ ದಿನ ಹರಿತ ಇರ್ತದೆ ಅಂತಾರೆ. ಅದು ಬಿಟ್ಟು ಮೆದು ಉಕ್ಕು ಯಾಕೆ?

ಉತ್ತರ (ಹತ್ಯಾರು ಮತ್ತು ಸಾಣೆ ಅಂಗಡಿ):
ಇರುತ್ತದೆ, ಸುಳ್ಳಲ್ಲ. ಡಿ2ನಲ್ಲಿ ಇಂಗಾಲ ಸುಮಾರು ಶೇ. 1.5, ಕ್ರೋಮಿಯಂ ಸುಮಾರು ಶೇ. 12. ಇಂಗಾಲ ಜಾಸ್ತಿ ಇರುವುದರಿಂದ ಕ್ರೋಮಿಯಂನ ಒಂದು ಪಾಲು ಅದರ ಜೊತೆ ಸೇರಿ ಗಟ್ಟಿ ಕಣಗಳಾಗುತ್ತದೆ. ತುಕ್ಕು ತಡೆಯಲು ಉಳಿಯುವುದು ಅಷ್ಟಕ್ಕಷ್ಟೆ. ಒಣ ಊರಿನಲ್ಲಿ, ರಟ್ಟಿನ ಪೆಟ್ಟಿಗೆ ಒಡೆಯುವ ಗೋಡೌನ್ ಕೆಲಸಕ್ಕೆ ಚೆನ್ನಾಗಿದೆ. ನಿಮ್ಮ ಉಪ್ಪು ಗಾಳಿಗೆ, ಬೆವರಿನ ಕಿಸೆಗೆ ಒಂದೇ ವಾರದಲ್ಲಿ ಚುಕ್ಕೆ ಚುಕ್ಕೆ ತುಕ್ಕು. ಮೊಂಡಾದ ಮೇಲೆ ಮಸೆಯಲು ಹಿಡಿಯುವ ಹೊತ್ತೂ ಬೇರೆ. ಕರಾವಳಿಗೆ 12ಸಿ27 (ಒಪಿನೆಲ್ ಇನಾಕ್ಸ್ ಅದೇ), 14ಸಿ28ಎನ್ ಅಂಥ ಸ್ಟೇನ್‌ಲೆಸ್ ಉಕ್ಕುಗಳನ್ನು ನೋಡಿ. 8ಸಿಆರ್13ಎಂಒವಿ ಕೂಡ ಈ ಬೆಲೆಗೆ ಅಡ್ಡಿಯಿಲ್ಲ, ಆದರೆ ಒರೆಸಿಡಬೇಕು.

ಪ್ರಶ್ನೆ (ಶೃಂಗೇರಿ ಕಡೆ, ಅಡಿಕೆ–ಕಾಫಿ):
ಮಳೆಗಾಲದಲ್ಲಿ ಒಪಿನೆಲ್ ತೆರೆಯೋಕೇ ಬರ್ತಿಲ್ಲ, ಉಗುರು ಕಿತ್ತು ಬರುವ ಹಾಗಿದೆ. ಇನ್ನೊಂದು, ಬೋರ್ಡೋ (ಅಡಿಕೆಗೆ ಹೊಡೆಯೋ ಮೈಲುತುತ್ತು–ಸುಣ್ಣದ ದ್ರಾವಣ) ಪರೀಕ್ಷೆಗೆ ಚಾಕು ಅದ್ದಿ ನೋಡ್ತಾರಲ್ಲ, ಇದನ್ನೇ ಅದ್ದಬಹುದಾ?

ಉತ್ತರ (ಹತ್ಯಾರು ಮತ್ತು ಸಾಣೆ ಅಂಗಡಿ):
ಅಕ್ಕ, ಮರ ನೀರು ಕುಡಿದು ಉಬ್ಬಿ ಅಲಗಿನ ಬುಡವನ್ನು ಎರಡೂ ಬದಿಯಿಂದ ಕಚ್ಚಿಕೊಂಡಿದೆ. ಉಗುರು ಹಾಕಿ ಎಳೆಯಬೇಡಿ. ಉಂಗುರದ ಲಾಕ್ ಬಿಡಿಸಿ, ಹಿಡಿಯ ಹಿಂಬದಿಯ ತುದಿಯನ್ನು ಕಟ್ಟೆಗೋ ಮರದ ಮೇಜಿಗೋ ಕುಟ್ಟಿ. ಅಲಗಿನ ಮೊನೆ ತಾನೇ ಒಂದು ಬೆರಳು ಹೊರಗೆ ಬರುತ್ತದೆ. ಆ ಚಾಕುವಿನ ಊರಿನವರೂ ಹೀಗೇ ಮಾಡುತ್ತಾರೆ. ಖಾಯಂ ಪರಿಹಾರ ಬೇಕಾದರೆ ಒಲೆಯ ಮೇಲಿನ ಅಟ್ಟದಂಥ ಬೆಚ್ಚಗಿನ ಜಾಗದಲ್ಲಿ ಎರಡು ದಿನ ಒಣಗಿಸಿ, ತೆರೆದ ಕೀಲಿನ ಸಂದಿಗೆ ಮೇಣದಬತ್ತಿ ತಿಕ್ಕಿ, ಹತ್ತು ಸಲ ಮಡಚಿ ತೆರೆಯಿರಿ. ಬಿಸಿಲಿಗೆ ನೇರ ಇಟ್ಟರೆ ಹಿಡಿ ಸೀಳಬಹುದು. ನೀರಲ್ಲಿ ನೆನೆಹಾಕಿ ತೊಳೆಯುವ ಅಭ್ಯಾಸ ಇದ್ದರೆ ಬಿಡಿ.

ಬೋರ್ಡೋಗೆ ಇದು ಬೇಡ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ ಹಾಕುತ್ತೇವಲ್ಲ, ಸುಣ್ಣ ಹಳೆಯದಾಗಿದ್ದರೆ ಮೈಲುತುತ್ತಿನ ತಾಮ್ರ ಪೂರ್ತಿ ಕಟ್ಟಿಕೊಳ್ಳದೆ ಉಳಿಯುತ್ತದೆ. ಅಂಥ ದ್ರಾವಣಕ್ಕೆ ಕಬ್ಬಿಣ ಅದ್ದಿದರೆ ಕಬ್ಬಿಣ ಕರಗಿ ಅದರ ಜಾಗಕ್ಕೆ ತಾಮ್ರ ಬಂದು ಕೂರುತ್ತದೆ, ಕೆಂಪು ಕಾಣುತ್ತದೆ. ಸ್ಟೇನ್‌ಲೆಸ್ ಮೇಲೆ ಕ್ರೋಮಿಯಂನ ಪದರ ಇರುವುದರಿಂದ ಕೆಂಪು ಕೂರದೇ ಇರಬಹುದು, ನೀವು ದ್ರಾವಣ ಸರಿಯಾಗಿದೆ ಅಂದುಕೊಂಡು ಹೊಡೆಯುತ್ತೀರಿ, ಹಿಂಗಾರ, ಎಲೆ ಸುಡುತ್ತದೆ. ಕಾರ್ಬನ್ ಉಕ್ಕಿನ ಚಾಕುವಾದರೆ ಪರೀಕ್ಷೆ ಸರಿಯಾಗಿ ಆಗುತ್ತದೆ, ಚಾಕು ಹಾಳಾಗುತ್ತದೆ. ಉಪ್ಪುಕಾಗದದಲ್ಲಿ ತಿಕ್ಕಿ ಹೊಳಪು ಬರಿಸಿದ ಹಳೆಯ ಕಬ್ಬಿಣದ ಕತ್ತಿಯ ತುಂಡು ಇಟ್ಟುಕೊಳ್ಳಿ. ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಬಂದರೆ ಇನ್ನಷ್ಟು ಸುಣ್ಣದ ತಿಳಿ ಹಾಕಿ ಕಲಸಿ, ತುಂಡನ್ನು ಮತ್ತೆ ತಿಕ್ಕಿ ಅದ್ದಿ. ಕೆಂಪು ಬರುವುದು ನಿಲ್ಲುವವರೆಗೆ ಹೀಗೇ ಮಾಡಿ.

ಪ್ರಶ್ನೆ (ಸಿರ್ಸಿಯವರೇ ಮತ್ತೆ):
ಮಸೆಯುವುದು ಹೇಗೆ ಹೇಳಿ. ಪೇಟೆಯಲ್ಲಿ ಸೈಕಲ್ ಚಕ್ರದವನ ಹತ್ತಿರ ಕೊಡಬಹುದಾ?

ಉತ್ತರ (ಹತ್ಯಾರು ಮತ್ತು ಸಾಣೆ ಅಂಗಡಿ):
ಕತ್ತಿ, ಈಳಿಗೆಮಣೆ ಕೊಡಿ. ತೆಳು ಅಲಗಿನ ಚಾಕು ಕೊಡಬೇಡಿ. ಒಣ ಚಕ್ರದಲ್ಲಿ ಕಿಡಿ ಹಾರುವಾಗ ಅಂಚು ಕಾಯುತ್ತದೆ. ತೆಳು ಅಂಚಿಗೆ ಬಿಸಿ ಹರಡಲು ಜಾಗ ಇಲ್ಲ, ಹದ ಹೋಗುತ್ತದೆ. ಅಂಚು ನೀಲಿಯಾಗಿ ಕಂಡರಂತೂ ಅಷ್ಟು ಭಾಗ ತಿಕ್ಕಿ ತೆಗೆಯದೆ ಹರಿತ ನಿಲ್ಲುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಸಾಕು, ಒಂದು ಬದಿ ಒರಟು, ಒಂದು ಬದಿ ನಯ. ಒದ್ದೆ ಬಟ್ಟೆಯ ಮೇಲೆ ಇಡಿ, ಜಾರುವುದಿಲ್ಲ. ಕಲ್ಲಿಗೆ ನೀರು ಹಾಕಿ. ಈಗ ಕೋನ: ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಅಲಗು ಎಷ್ಟು ಅಗಲವೋ ಅದರ ಮೂರನೇ ಒಂದು ಪಾಲು ಬೆನ್ನನ್ನು ಎತ್ತಿ. ಅಗಲ 18 ಮಿ.ಮೀ. ಆದರೆ ಬೆನ್ನು 6 ಮಿ.ಮೀ. ಮೇಲೆ. ಅಷ್ಟಕ್ಕೆ ಸುಮಾರು 20 ಡಿಗ್ರಿ ಆಗುತ್ತದೆ. ಮೊದಲ ಸಲ ಅಂಚಿಗೆ ಮಾರ್ಕರ್ ಪೆನ್ನಿನಲ್ಲಿ ಮಸಿ ಬಳಿದು ಎರಡು ಸಲ ಎಳೆದು ನೋಡಿ. ಮಸಿ ಅಂಚಿನವರೆಗೆ ಹೋಗಿದ್ದರೆ ಕೋನ ಸರಿ, ಮೇಲುಗಡೆ ಮಾತ್ರ ಹೋಗಿದ್ದರೆ ಬೆನ್ನು ಇನ್ನೂ ಎತ್ತಬೇಕು.

ಒರಟು ಮುಖದ ಮೇಲೆ ಅಲಗಿನ ಒಂದೇ ಬದಿಯನ್ನು ಬುಡದಿಂದ ಮೊನೆವರೆಗೆ ಎಳೆಯುತ್ತಾ ಹೋಗಿ. ಆಚೆ ಬದಿಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ತರಿ ಏಳುತ್ತದೆ, ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಮೆಲ್ಲಗೆ ಎಳೆದರೆ ಉಗುರಿಗೆ ತಾಗುತ್ತದೆ. ಉದ್ದಕ್ಕೂ ಅದು ಎದ್ದ ಮೇಲೆಯೇ ಬದಿ ಬದಲಿಸಿ. ಹೆಚ್ಚಿನವರ ಚಾಕು ಹರಿತ ಆಗದಿರುವುದು ಇಲ್ಲೇ: ಆ ಬದಿ ಹತ್ತು, ಈ ಬದಿ ಹತ್ತು ಅಂತ ಲೆಕ್ಕ ಹಾಕಿ ತಿಕ್ಕುತ್ತಾರೆ, ಅಂಚು ಮುಟ್ಟಿರುವುದೇ ಇಲ್ಲ. ಎರಡನೇ ಬದಿಯಲ್ಲೂ ತರಿ ಎದ್ದ ಮೇಲೆ ನಯ ಮುಖಕ್ಕೆ ಬಂದು ಒತ್ತಡ ಕಡಿಮೆ ಮಾಡುತ್ತಾ ಒಂದು ಸಲ ಈ ಬದಿ, ಒಂದು ಸಲ ಆ ಬದಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮುಖದ ಮೇಲೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆಯಿರಿ. ಅಂಚು ಮುಂದಾಗಿ ಎಳೆದರೆ ಬೆಲ್ಟು ಕೊಯ್ಯುತ್ತದೆ. ತರಿ ಉಳಿದರೆ ಒಂದೇ ದಿನದಲ್ಲಿ ಅದು ಮುರಿದು ಚಾಕು ಮತ್ತೆ ಮೊಂಡು. ಪೇಪರ್ ಹಿಡಿದು ಕೊಯ್ದು ನೋಡಿ, ಎಲ್ಲಿ ಹರಿಯುತ್ತದೋ ಅಲ್ಲಿ ಇನ್ನೂ ಕೆಲಸ ಇದೆ.

ಎಣ್ಣೆ: ಕೀಲಿಗೆ ಒಂದು ಹನಿ ಸಾಕು. ಹಣ್ಣು ಕೊಯ್ಯುವ ಚಾಕುವಿಗೆ ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ ಒಳ್ಳೆಯದು. ಶೇಂಗಾ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ನಿಮ್ಮ ಡಿಸೆಂಬರ್ ಬೆಳಿಗ್ಗೆಗೆ ಕೀಲೇ ಜಡ.

ಪ್ರಶ್ನೆ (ನರ್ಸರಿ, ಪುತ್ತೂರು):
ಇದರಲ್ಲೇ ಕಸಿ ಕಟ್ಟಬಹುದಾ ಸರ್?

ಉತ್ತರ (ನರ್ಸರಿ ಕೆಲಸ, ಕಸಿ ತರಬೇತಿ):
ಇದಕ್ಕೆ ನಾನು ಹೇಳುತ್ತೇನೆ. ಕಟ್ಟಬಹುದು, ಚೆನ್ನಾಗಿ ಬರುವುದಿಲ್ಲ. ಕಸಿ ಚಾಕು ಒಂದೇ ಬದಿಗೆ ಇಳಿಜಾರು, ಇನ್ನೊಂದು ಬದಿ ಚಪ್ಪಟೆ. ಚಪ್ಪಟೆ ಬದಿ ಕಡ್ಡಿಗೆ ತಾಗಿಕೊಂಡು ಹೋಗುವುದರಿಂದ ಕೊಯ್ದ ಮುಖ ಸಪಾಟಾಗಿ ಬರುತ್ತದೆ, ಎರಡು ಮುಖ ಕೂಡಿಸಿದರೆ ಸಂದಿ ಇರುವುದಿಲ್ಲ. ಕಿಸೆ ಚಾಕು ಎರಡೂ ಬದಿ ಇಳಿಜಾರು, ಅಲಗು ಕಡ್ಡಿಯಿಂದ ಹೊರಗೆ ಜಾರುತ್ತದೆ, ಮುಖ ದೋಣಿಯ ಹಾಗೆ ಬಾಗುತ್ತದೆ. ಜೊತೆಗೆ ಗೊಬ್ಬರದ ಚೀಲ ಕೊಯ್ದ ಚಾಕುವಿನ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು ಎದ್ದಿರುತ್ತವೆ, ಕಡ್ಡಿಯ ತೊಗಟೆ ಹರಿಯುತ್ತದೆ. ಕಸಿಗೆ ಒಂದು ಚಾಕು ಬೇರೆಯೇ ಇಡಿ. ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ.

ಡ್ರಿಪ್ ಪೈಪಿನ ಬಗ್ಗೆಯೂ ಒಂದು ಮಾತು: 16 ಮಿ.ಮೀ. ಲ್ಯಾಟರಲ್ಲನ್ನು ಚಾಕುವಿನಿಂದ ಒಂದೇ ಏಟಿಗೆ ಒತ್ತಿ ಕೊಯ್ದರೆ ಪೈಪು ಚಪ್ಪಟೆಯಾಗಿ ತುದಿ ಓರೆಯಾಗುತ್ತದೆ, ಜಾಯಿನರ್ ಹಾಕಿದ ಮೇಲೆ ಒಂದು ಬದಿ ನೀರು ಚಿಮ್ಮುತ್ತದೆ. ಅಲಗು ಇಟ್ಟು ಪೈಪನ್ನೇ ಸುತ್ತ ತಿರುಗಿಸಿ.

ಪ್ರಶ್ನೆ (ಬೆಂಗಳೂರು):
ಪೇಟೆಯಲ್ಲಿ ಕಿಸೆಯಲ್ಲಿಟ್ಟುಕೊಂಡು ಓಡಾಡಿದರೆ ಪೊಲೀಸರು ಹಿಡಿಯಲ್ವಾ?

ಉತ್ತರ (ಹತ್ಯಾರು ಮತ್ತು ಸಾಣೆ ಅಂಗಡಿ):
2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಬರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆ ಕೆಲಸಕ್ಕೆಂದೇ ಮಾಡಿದ್ದಕ್ಕೆ ಅದರಲ್ಲಿ ವಿನಾಯಿತಿ ಇದೆ. ನಮ್ಮ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ದೆಹಲಿಯಲ್ಲಿ 1980ರ ಅಧಿಸೂಚನೆ ಬೇರೆ: ಬಟನ್, ಸ್ಪ್ರಿಂಗ್ ಅಥವಾ ಬೇರೆ ಯಾಂತ್ರಿಕ ವ್ಯವಸ್ಥೆಯಿಂದ ತೆರೆಯುವ ಚಾಕುವಿನ ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದರೆ ತಕರಾರು. ಅಲ್ಲಿಗೆ ಹೋಗುವಾಗ ಮನೆಯಲ್ಲೇ ಬಿಡಿ. ಇಲ್ಲೂ ಬಟನ್ ಒತ್ತಿದರೆ ಚಿಮ್ಮುವ ಚಾಕು ತಗೊಳ್ಳಬೇಡಿ, ಕೆಲಸಕ್ಕೆ ಅದರಿಂದ ಲಾಭವೂ ಇಲ್ಲ. ನಿಷೇಧಾಜ್ಞೆ (ಹಿಂದಿನ 144ನೇ ಸೆಕ್ಷನ್, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163) ಇರುವ ದಿನ, ಚುನಾವಣೆ, ಮೆರವಣಿಗೆ, ಕೋರ್ಟು, ಮೆಟ್ರೊ ಇಷ್ಟಕ್ಕೆ ಕಿಸೆ ಖಾಲಿ ಇರಲಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಿದರೆ ತೆಗೆದಿಡುತ್ತಾರೆ, ಕೌಂಟರಿನಲ್ಲಿ ಕೊಡುವ ದೊಡ್ಡ ಬ್ಯಾಗಿಗೆ ಹಾಕಿ.

ಪ್ರಶ್ನೆ (ಹಾವೇರಿ):
ಲೈನರ್ ಲಾಕ್ ಇರೋದು ತರಿಸಿದೆ. ಅಲಗು ಸ್ವಲ್ಪ ಅಲುಗಾಡ್ತೈತಿ. ಬಿಗಿ ಮಾಡಬಹುದಾ, ವಾಪಸ್ ಕಳಸ್ಲಾ?

ಉತ್ತರ (ಹತ್ಯಾರು ಮತ್ತು ಸಾಣೆ ಅಂಗಡಿ):
ಲೈನರ್ ಲಾಕ್ ಅಂದರೆ ಹಿಡಿಯೊಳಗಿನ ಲೋಹದ ಪಟ್ಟಿ ಅಲಗಿನ ಬುಡಕ್ಕೆ ಬಂದು ತಡೆಯುವ ಲಾಕ್. ಯಾವ ಕಡೆಗೆ ಅಲುಗುತ್ತದೆ ನೋಡಿ. ಎಡ–ಬಲಕ್ಕಾದರೆ ಕೀಲಿನ ತಿರುಪು ಸಡಿಲ. ಹೆಚ್ಚಾಗಿ ಟಿ6 ಅಥವಾ ಟಿ8 ಟಾರ್ಕ್ಸ್ ಬಿಟ್ ಕೂರುತ್ತದೆ. ಸರಿಯಾದ ಅಳತೆಯದ್ದೇ ಹಾಕಿ, ಸಣ್ಣದು ಹಾಕಿದರೆ ತಿರುಪಿನ ತಲೆ ಸವೆಯುತ್ತದೆ. ಒಂದು ಸಲಕ್ಕೆ ಗಡಿಯಾರದ ಐದು ನಿಮಿಷದಷ್ಟು ತಿರುಗಿಸಿ, ಅಲಗು ಹಾಯಾಗಿ ತೆರೆಯುತ್ತದೋ ನೋಡಿ. ಮತ್ತೆ ಮತ್ತೆ ಸಡಿಲಾದರೆ ತಿರುಪು ತೆಗೆದು ಅದರ ಸುತ್ತುಗೆರೆಗೆ ಮಾತ್ರ ನೀಲಿ ಲಾಕ್‌ಟೈಟ್ (ತಿರುಪು ಸಡಿಲಾಗದಂತೆ ಹಿಡಿಯುವ ಅಂಟು) ಸೂಜಿ ಮೊನೆಯಷ್ಟು ಹಾಕಿ. ಕೆಂಪು ಹಾಕಿದರೆ ಕಾಯಿಸದೆ ಬಿಚ್ಚಲು ಬರುವುದಿಲ್ಲ.

ಮೇಲೆ–ಕೆಳಗೆ ಅಲುಗಿದರೆ ತಿರುಪಿನಿಂದ ಸರಿಯಾಗದು, ಲಾಕಿನ ಪಟ್ಟಿಯೇ ಅಲಗಿನ ಬುಡಕ್ಕೆ ಕೂತಿಲ್ಲ. ತೆರೆದಿಟ್ಟು ಒಳಗೆ ನೋಡಿ, ಪಟ್ಟಿ ಬುಡದ ಅಗಲದ ಕಾಲು ಭಾಗದಿಂದ ಅರ್ಧದವರೆಗೆ ಒಳಗೆ ಬಂದಿರಬೇಕು. ತುದಿಗೆ ಮಾತ್ರ ತಾಗಿದ್ದರೆ ಒತ್ತಡಕ್ಕೆ ಜಾರುತ್ತದೆ, ಆಚೆ ಬದಿಯ ಗೋಡೆವರೆಗೂ ಹೋಗಿದ್ದರೆ ಆಗಲೇ ಸವೆದ ಹಾಗೆ ಲೆಕ್ಕ. ಎರಡರಲ್ಲಿ ಯಾವುದಾದರೂ ವಾಪಸ್ ಕಳಿಸಿ, ಮಸೆಯುವ ಮೊದಲೇ. ಕಲ್ಲು ಮುಟ್ಟಿಸಿದ ಗೀರು ಕಂಡರೆ ತಗೊಳ್ಳುವುದಿಲ್ಲ.