ಪೆಲ್ವಿಸ್ (ಸೊಂಟದ ಮೂಳೆಕಟ್ಟು) ಮುರಿತಕ್ಕೆ ಎಕ್ಸ್‌ಟರ್ನಲ್ ಫಿಕ್ಸೇಟರೋ, ಇನ್‌ಫಿಕ್ಸೋ? ಮಾಡಿಸಿಕೊಂಡವರು ದಯವಿಟ್ಟು ಅನುಭವ ತಿಳಿಸಿ

ಪ್ರಶ್ನೆ

ನನ್ನ ತಮ್ಮನಿಗೆ 34 ವರ್ಷ, ತೆಳ್ಳಗಿನ ಮೈಕಟ್ಟು. ಎತ್ತರದಿಂದ ಬಿದ್ದು ಇಂದಿಗೆ 5 ದಿನ. ಮುಂದೆ ಎರಡೂ ಕಡೆ ಪ್ಯೂಬಿಕ್ ರೇಮಸ್ (ಪೆಲ್ವಿಸ್‌ನ ಮುಂಭಾಗದ ಕೊಂಬೆಯಂಥ ಮೂಳೆ) ಮುರಿದಿದೆ. ಹಿಂದೆ ಸೇಕ್ರಮ್‌ನ (ಬೆನ್ನುಮೂಳೆಯ ಬುಡದ ಮೂಳೆ) ಎಡಭಾಗ ಉದ್ದಕ್ಕೆ ಸೀಳಿ, ಎಡಗಡೆಯ ಪೆಲ್ವಿಸ್ ಮೇಲಕ್ಕೆ ಜರುಗಿದೆ. ಟೈಲ್ ಸಿ, ಅಂದರೆ ಎಲ್ಲ ದಿಕ್ಕಿಗೂ ಅಲುಗುವ ಅತಿ ಅಸ್ಥಿರ ಮುರಿತ, ಎಂದು ಬರೆದಿದ್ದಾರೆ. ಹಿಂಭಾಗಕ್ಕೆ ಚರ್ಮದ ಮೂಲಕ ಇಲಿಯೋಸೇಕ್ರಲ್ ಸ್ಕ್ರೂ (ಸೊಂಟದ ಪಕ್ಕದ ಮೂಳೆಯಿಂದ ಸೇಕ್ರಮ್‌ಗೆ ಹೋಗುವ ಸ್ಕ್ರೂ) ಎಂಬುದು ತೀರ್ಮಾನವಾಗಿದೆ. ಮುಂಭಾಗಕ್ಕೆ ಎಕ್ಸ್‌ಟರ್ನಲ್ ಫಿಕ್ಸೇಟರ್ (ಮೂಳೆಗೆ ಪಿನ್ ಹಾಕಿ ಮೈಯ ಹೊರಗೆ ಕಂಬಿಯಿಂದ ಬಿಗಿಯುವುದು) ಅಥವಾ ಇನ್‌ಫಿಕ್ಸ್ (ಚರ್ಮದಡಿಯೇ ರಾಡ್ ಕೂರಿಸುವುದು), ಎರಡರಲ್ಲಿ ಒಂದನ್ನು ನಾವೇ ಹೇಳಬೇಕಂತೆ. ಎರಡನ್ನೂ ಕಂಡವರು ಬರೆಯುವಿರಾ?

ಮೊದಲನೆಯ ಉತ್ತರ

ಎಕ್ಸ್‌ಟರ್ನಲ್ ಫಿಕ್ಸೇಟರನ್ನು 9 ವಾರ ಹೊತ್ತವನು ನಾನು. ಇಲಿಯಮ್‌ನ (ಸೊಂಟದ ಪಕ್ಕದ ಅಗಲ ಮೂಳೆ) ಅಂಚಿಗೆ ಒಂದೊಂದು ಕಡೆ ಎರಡರಂತೆ ನಾಲ್ಕು ಪಿನ್ ಹಾಕಿದ್ದರು. ದಿನಕ್ಕೆ ಎರಡು ಬಾರಿ ಸಲೈನ್‌ನಿಂದ ಶುಚಿ ಮಾಡಬೇಕು, ಪ್ರತಿ ಬಾರಿಗೂ 25 ನಿಮಿಷ ಹಿಡಿಯುತ್ತಿತ್ತು. ಒಟ್ಟು 126 ಬಾರಿ ಮಾಡಿದ್ದೇನೆ, ಒಂದನ್ನೂ ತಪ್ಪಿಸಿಲ್ಲ. ಆದರೂ ಮೂರನೆಯ ವಾರ ಬಲಗಡೆಯ ಮೇಲಿನ ಪಿನ್ನಿನ ಸುತ್ತ ಕೆಂಪಾಗಿ, ಮೊದಲು ನೀರು, ಆಮೇಲೆ ಕೀವು ಬಂತು. 10 ದಿನ ಆಂಟಿಬಯಾಟಿಕ್ ತೆಗೆದುಕೊಂಡೆ. ಆರನೆಯ ವಾರ ಅದೇ ಪಿನ್ ಸಡಿಲಗೊಂಡು, ಅದನ್ನು ತೆಗೆದು ಬೇರೆ ಜಾಗದಲ್ಲಿ ಹೊಸದು ಹಾಕಬೇಕಾಯಿತು. ಮಗ್ಗುಲಿಗೆ ಮಲಗುವಂತಿರಲಿಲ್ಲ, ನೆಟ್ಟಗೆ ಕುಳಿತರೆ ಕಂಬಿ ಹೊಟ್ಟೆಗೆ ಒತ್ತುತ್ತಿತ್ತು. ಬಿಚ್ಚಿದ್ದು ಮಾತ್ರ ಹತ್ತು ನಿಮಿಷದ ಕೆಲಸ, ಅದಕ್ಕೆ ಅರಿವಳಿಕೆಯೂ ಬೇಕಾಗಲಿಲ್ಲ. ಆ ಹತ್ತು ನಿಮಿಷಕ್ಕಾಗಿ ಆ 9 ವಾರಗಳನ್ನು ಇನ್ನೊಬ್ಬರಿಗೆ ನಾನು ಹೇಳಲಾರೆ.

ಎರಡನೆಯ ಉತ್ತರ

ನನಗೆ ಹಾಕಿದ್ದು ಇನ್‌ಫಿಕ್ಸ್, ಆ ಆಯ್ಕೆಯ ಬಗ್ಗೆ ಇಂದಿಗೂ ಸಮಾಧಾನವಿದೆ. ಹಿಪ್ ಕೀಲಿನ ಮೇಲೆ ಎರಡೂ ಕಡೆ ಒಂದೊಂದು ಸ್ಕ್ರೂ, ಅವುಗಳ ನಡುವೆ ಚರ್ಮದಡಿ ಬಾಗಿಸಿ ತೂರಿಸಿದ ರಾಡ್, ಹೊರಗೆ ಕಾಣುವುದು ಎರಡು ಸಣ್ಣ ಹೊಲಿಗೆ ಮಾತ್ರ. ಎರಡನೆಯ ವಾರಕ್ಕೆ ಮಗ್ಗುಲಿಗೆ ಮಲಗಿದೆ. ಆದರೆ ಎಡತೊಡೆಯ ಹೊರಭಾಗ ಜೋಮು ಹಿಡಿದು, ಬಟ್ಟೆ ತಾಗಿದರೂ ಉರಿಯುತ್ತಿತ್ತು. ತೊಡೆಯ ಚರ್ಮಕ್ಕೆ ಸ್ಪರ್ಶ ಕೊಡುವ ನರ ಸ್ಕ್ರೂ ಹಾಕುವ ಜಾಗದ ಪಕ್ಕದಲ್ಲೇ ಹಾದುಹೋಗುತ್ತದೆ ಎಂದು ಆಗ ತಿಳಿಯಿತು. ನಾಲ್ಕನೆಯ ತಿಂಗಳು ಪೂರ್ಣ ಅರಿವಳಿಕೆ ಕೊಟ್ಟು ರಾಡ್ ತೆಗೆದರು. ಅಷ್ಟರಲ್ಲಿ ಸ್ಕ್ರೂವಿನ ತಲೆಯ ಸುತ್ತ ಹೊಸ ಮೂಳೆ ಬೆಳೆದಿತ್ತು, ಅದನ್ನು ಕೆತ್ತಿ ತೆಗೆಯಬೇಕಾದ್ದರಿಂದ ಅರ್ಧ ಗಂಟೆ ಎಂದದ್ದು ಒಂದೂಮುಕ್ಕಾಲು ಗಂಟೆಯಾಯಿತು. ಉರಿ ಹೋಯಿತು, ಅಂಗೈಯಗಲದ ಜೋಮು ಉಳಿದಿದೆ.

ಮೂರನೆಯ ಉತ್ತರ

ನನ್ನ ಯಜಮಾನರಿಗೆ 8 ವಾರ ಹೊರಗಿನ ಫಿಕ್ಸೇಟರೇ ಇತ್ತು, ನಾನೇ ಪಿನ್ ಶುಚಿ ಮಾಡಿದೆ, ಒಂದು ಹನಿ ಕೀವು ಬರಲಿಲ್ಲ. ಅವರಿಗೆ ಪಿನ್ನುಗಳನ್ನು ಹಾಕಿದ್ದು ಅಂಚಿನಲ್ಲಲ್ಲ, ಹಿಪ್ ಕೀಲಿನ ಮೇಲಿನ ಗಟ್ಟಿ ಮೂಳೆಯಲ್ಲಿ, ಕಡೆಗೊಂದರಂತೆ ಎರಡೇ ಪಿನ್. ಪಿನ್ನಿನ ಸುತ್ತ ಚರ್ಮ ಎಳೆದಾಡದಂತೆ ಗಾಜ್ ಬಿಗಿಯಾಗಿ ಸುತ್ತಿಟ್ಟರೆ ಸೋಂಕು ತಗಲುವುದು ಕಡಿಮೆ. ಶುಚಿ ಸರಿಯಾಗಿದ್ದರೆ ಈ ವಿಧಾನವನ್ನು ಇಷ್ಟು ದೂರಬೇಕಾಗಿಲ್ಲ.

ಮೊದಲನೆಯವರು ಮತ್ತೆ

ಶುಚಿ ಸರಿಯಿರಲಿಲ್ಲ ಎಂದು ಯಾವ ಆಧಾರದ ಮೇಲೆ ಬರೆಯುತ್ತೀರಿ? 126 ಬಾರಿ ಎಂದು ಲೆಕ್ಕ ಕೊಟ್ಟಿದ್ದೇನೆ. ನಿಮ್ಮ ಯಜಮಾನರ ಪಿನ್ ಬೇರೆ ಜಾಗದಲ್ಲಿತ್ತು ಎಂದು ನೀವೇ ಹೇಳಿ, ದೋಷವನ್ನು ನನ್ನ ಕೈಗೆ ಹೊರಿಸುವುದು ನ್ಯಾಯವಲ್ಲ. ಕೀವು ಬಂದವರೆಲ್ಲ ಕೊಳಕರು ಎಂಬ ಮಾತನ್ನು ಮಲಗಿದ್ದಾಗಲೂ ಕೇಳಿದ್ದೇನೆ, ಇಲ್ಲಿಯೂ ಕೇಳಬೇಕೆ?

ನಾಲ್ಕನೆಯ ಉತ್ತರ

ಎಲ್ಲರೂ ಮುಂಭಾಗದ ಬಗ್ಗೆಯೇ ವಾದಿಸುತ್ತಿದ್ದೀರಿ. ನಾನು ನಡಿಗೆ ಕಳೆದುಕೊಂಡದ್ದು ಹಿಂಭಾಗದಲ್ಲಿ. ಜ್ವರವಿದೆ, ಥಿಯೇಟರ್ ಖಾಲಿಯಿಲ್ಲ ಎಂದು 19 ದಿನ ಕಳೆದವು. ಅಷ್ಟರಲ್ಲಿ ಮುರಿದಲ್ಲಿ ಕೂಡಿಕೆ ಆರಂಭವಾಗಿ, ಕಾಲನ್ನು ಎಷ್ಟು ಎಳೆದರೂ ಜರುಗಿದ ಮೂಳೆ ಕೆಳಗಿಳಿಯಲಿಲ್ಲ. ಜರುಗಿದ್ದಲ್ಲೇ ಸ್ಕ್ರೂ ಬಿಗಿದರು. ಎಡಗಾಲು 14 ಮಿಲಿಮೀಟರ್ ಗಿಡ್ಡವಾಯಿತು, ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡಿದ್ದೇನೆ. ಅದೂ ಸಾಲದೆಂಬಂತೆ, ನನ್ನ ಸೇಕ್ರಮ್‌ನ ಮೇಲ್ಭಾಗದ ಆಕಾರ ಎಲ್ಲರಂತಿಲ್ಲ. ಮೊದಲ ಖಂಡದಲ್ಲಿ ಸ್ಕ್ರೂ ಹೋಗಬೇಕಾದ ದಾರಿ ಕಿರಿದು, ಓರೆ. ಸ್ಕ್ರೂ ಮುಂಭಾಗದಿಂದ ತುಸು ಹೊರಬಂದು, ಅಲ್ಲಿ ಹಾಯುವ ಐದನೆಯ ಸೊಂಟದ ನರಕ್ಕೆ ತಾಗಿತು. ಎಚ್ಚರವಾದಾಗ ಕಾಲಿನ ಹೆಬ್ಬೆರಳು ಮೇಲೇಳಲಿಲ್ಲ. ನಾಲ್ಕನೆಯ ದಿನ ಅದನ್ನು ತೆಗೆದು ಎರಡನೆಯ ಖಂಡದಲ್ಲಿ ಹಾಕಿದರು. ಬೆರಳು ಅಲುಗಲು 11 ತಿಂಗಳು ಬೇಕಾಯಿತು. ಶಸ್ತ್ರಚಿಕಿತ್ಸೆಗೆ ಮೊದಲೇ ಸಿ.ಟಿ. ಚಿತ್ರದಲ್ಲಿ ಆ ದಾರಿಯನ್ನು ಅಳೆಯಬಹುದಿತ್ತು. ಸ್ಕ್ರೂ ಹಾಕುವ ಗಾಯ ಚಿಕ್ಕದು ಎಂದಮಾತ್ರಕ್ಕೆ ಅಪಾಯವೂ ಚಿಕ್ಕದಲ್ಲ. ನಿಮಗೆ ಈಗಾಗಲೇ 5 ದಿನ ಕಳೆದಿದೆ, ರಾಡೋ ಕಂಬಿಯೋ ಎಂಬ ಯೋಚನೆಯಲ್ಲಿ ಎರಡನೆಯ ವಾರಕ್ಕೆ ಹೋಗಬೇಡಿ.

ಎರಡನೆಯವರು ಮತ್ತೆ

ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಮುಂಭಾಗವನ್ನು ಹೀಗೆ ತಳ್ಳಿಹಾಕಬೇಡಿ. ಟೈಲ್ ಸಿ ಮುರಿತದಲ್ಲಿ ಮುಂದೆ ಆಸರೆಯಿಲ್ಲದೆ ಹಿಂದೆ ಒಂದೇ ಸ್ಕ್ರೂ ಇದ್ದರೆ ಎಲ್ಲ ಭಾರವೂ ಅದರ ಮೇಲೆಯೇ ಬೀಳುತ್ತದೆ.

ನಾಲ್ಕನೆಯವರು ಮತ್ತೆ

ತಳ್ಳಿಹಾಕಿಲ್ಲ. ಮುಂದಿನದು ಮಾತ್ರ ಇದ್ದರೂ ಮೇಲೆ ಜರುಗುವ ಮುರಿತ ನಿಲ್ಲುವುದಿಲ್ಲ ಎಂಬುದನ್ನು ನೀವೂ ಬರೆಯಬೇಕಿತ್ತು. ತೊಡೆಯ ಜೋಮನ್ನೂ ಎತ್ತಲಾಗದ ಪಾದವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಐದನೆಯ ಉತ್ತರ

ನನಗೆ ಮುಂದೆ ರೇಮಸ್‌ನೊಳಗೇ ಉದ್ದದ ಸ್ಕ್ರೂ ಹಾಕಿದರು. ರಾಡೂ ಇಲ್ಲ, ಕಂಬಿಯೂ ಇಲ್ಲ, ತೆಗೆಯುವ ಮಾತೂ ಇಲ್ಲ. ಐದನೆಯ ವಾರಕ್ಕೇ ಪೂರ್ತಿ ಭಾರ ಊರಿ ನಡೆದೆ, ಏನೂ ಆಗಲಿಲ್ಲ.

ಮೂರನೆಯವರು ಮತ್ತೆ

ಐದನೆಯ ವಾರಕ್ಕೆ ಭಾರ ಊರಿದ್ದನ್ನು ಸಾಧನೆಯೆಂಬಂತೆ ಬರೆಯಬೇಡಿ, ಓದುವವರಲ್ಲಿ ಹಿಂಭಾಗ ಮುರಿದವರಿದ್ದಾರೆ. ನಮ್ಮವರಿಗೆ 12 ವಾರ ಆ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿ ವಾಕರ್ ಹಿಡಿಯಲು ಹೇಳಿದ್ದರು. ಪಕ್ಕದ ಹಾಸಿಗೆಯಲ್ಲಿದ್ದವರು ಏಳನೆಯ ವಾರ ಎದ್ದು ನಡೆದು, ಸ್ಕ್ರೂ ಹಿಂದಕ್ಕೆ ಜಾರಿ ಮತ್ತೆ ದಾಖಲಾದರು.

ಎರಡನೆಯವರು ಮತ್ತೆ

ತಮ್ಮ ತೆಳ್ಳಗಿದ್ದಾನೆ ಎಂದು ಬರೆದಿದ್ದನ್ನು ಈಗ ಗಮನಿಸಿದೆ, ಮೊದಲೇ ಹೇಳಬೇಕಿತ್ತು. ನಾನೂ ತೆಳ್ಳಗೆ. ರಾಡ್ ಚರ್ಮದಡಿ ಎದ್ದು ಕಾಣುತ್ತಿತ್ತು, ಮುಂದೆ ಬಾಗಿದರೆ ಒತ್ತುತ್ತಿತ್ತು. ಅದಕ್ಕೆಂದು ಆಳಕ್ಕೆ ಇಳಿಸಿದರೆ ತೊಡೆಯ ಮುಂಭಾಗದ ದೊಡ್ಡ ನರ, ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಅಂಥ ಮೈಯಲ್ಲಿ ರಾಡಿಗೆ ಇರುವ ಜಾಗವೇ ಕಡಿಮೆ. ಮಂಡಿಯನ್ನು ನೇರ ಮಾಡಲು ಆಗದಿದ್ದರೆ ಜೋಮು ಎಂದು ಕಾಯದೆ ಅದೇ ದಿನ ವೈದ್ಯರಿಗೆ ತೋರಿಸಿ. ರಾಡನ್ನು ಎಷ್ಟು ಆಳದಲ್ಲಿ ಇಡುತ್ತೀರಿ, ರೇಮಸ್ ಒಳಗಿನ ಸ್ಕ್ರೂ ಅವನಿಗೆ ಸಾಧ್ಯವೇ, ಇವೆರಡನ್ನು ನಾಳೆ ಬೆಳಿಗ್ಗೆಯೇ ಕೇಳಿ.